ಎಂಟನೇ ತರಗತಿಯ ಮಗುವಿಗೆ ಎನ್‌ಎಂಎಂಎಸ್ ತಯಾರಿ: ಮನೆಯಲ್ಲೇ ಮಾಡುವುದು ಹೇಗೆ?

ಪ್ರತಿ ಜೂನ್‌ನಲ್ಲಿ ಎಂಟನೇ ತರಗತಿಯ ಹಾಜರಿ ಪುಸ್ತಕ ಕೈಗೆ ಬಂದಾಗ ನಾನು ಮೊದಲು ನೋಡುವುದು ಮಕ್ಕಳ ಏಳನೇ ತರಗತಿಯ ಅಂಕಗಳನ್ನು. ಶೇ. 55 ದಾಟಿದವರ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಆ ಮಕ್ಕಳು ಎನ್‌ಎಂಎಂಎಸ್ ಪರೀಕ್ಷೆ, ಅಂದರೆ ಕಡಿಮೆ ಆದಾಯದ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಬಹುದು. ಪಾಸಾಗಿ ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000.

ನಮ್ಮ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಈ ದುಡ್ಡಿನ ಬೆಲೆ ಏನು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಬಸ್ ಪಾಸು, ನೋಟ್ ಪುಸ್ತಕ, ಚಪ್ಪಲಿ ಇದರಲ್ಲೇ ಆಗುತ್ತವೆ. ಎಸ್‌ಎಸ್‌ಎಲ್‌ಸಿ ಆದಮೇಲೆ ಹೆಣ್ಣುಮಗುವನ್ನು ಓದಿಸಬೇಕೋ ಬೇಡವೋ ಎಂದು ಮನೆಯಲ್ಲಿ ಮಾತು ಬಂದಾಗ, ಖಾತೆಗೆ ದುಡ್ಡು ಬರುತ್ತಿದೆ ಅನ್ನುವುದೇ ಎಷ್ಟೋ ಸಲ ಆ ಮಗುವನ್ನು ಕಾಲೇಜಿಗೆ ಕಳಿಸಿದೆ.

ಆದರೆ ಈ ಪರೀಕ್ಷೆಯಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ಜಾಸ್ತಿ ಜನ ದಡ್ಡರಲ್ಲ. ಉತ್ತರ ಗೊತ್ತಿರುತ್ತದೆ. ಪ್ರಶ್ನೆ ಓದುವುದರಲ್ಲಿ, ಗಡಿಯಾರ ನೋಡುವುದರಲ್ಲಿ, ಉತ್ತರದ ಹಾಳೆಯ ಗುಂಡು (ಆಯ್ಕೆಯ ದುಂಡು ಗುರುತು) ತುಂಬುವುದರಲ್ಲಿ, ಅದಕ್ಕೂ ಮೊದಲು ಕಾಗದಪತ್ರದಲ್ಲಿ ಎಡವುತ್ತಾರೆ. ಈ ನಾಲ್ಕನ್ನೂ ಮನೆಯಲ್ಲೇ ಸರಿಮಾಡಬಹುದು. ಅಪ್ಪ ಅಮ್ಮ ಹೆಚ್ಚು ಓದಿರಬೇಕಾಗಿಲ್ಲ.

ಜೂನ್, ಜುಲೈ: ಮೊದಲು ಕಾಗದ

ಪುಸ್ತಕ ತೆರೆಯುವ ಮುಂಚೆ ಇದನ್ನು ಮುಗಿಸಿ. ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು. ಅಪ್ಪ ಅಮ್ಮ ಇಬ್ಬರ ಆದಾಯ ಸೇರಿ ವರ್ಷಕ್ಕೆ 3.5 ಲಕ್ಷ ಮೀರಬಾರದು. ಏಳನೇ ತರಗತಿಯಲ್ಲಿ ಶೇ. 55 ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ. 50 ಸಾಕು. ಕೇಂದ್ರೀಯ ವಿದ್ಯಾಲಯ, ನವೋದಯ ಮತ್ತು ಸರ್ಕಾರವೇ ಊಟ ವಸತಿ ಕೊಡುವ ವಸತಿ ಶಾಲೆಗಳ ಮಕ್ಕಳಿಗೆ ಈ ಯೋಜನೆ ಇಲ್ಲ.

ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಈಗಲೇ ಹೋಗಿ. ಅರ್ಜಿ ಕರೆದ ಮೇಲೆ ಹೋದರೆ ಊರವರೆಲ್ಲ ಅಲ್ಲೇ ಇರುತ್ತಾರೆ. ಮನೆಯಲ್ಲಿ ಹಳೆಯದು ಇದ್ದರೆ ಅದರ ಅವಧಿ ಮುಗಿದಿದೆಯಾ ನೋಡಿಕೊಳ್ಳಿ.

ಇನ್ನೊಂದು ವಿಷಯ ಹೆಸರಿನದು. ಆಧಾರ್‌ನಲ್ಲಿ ಒಂದು ಥರ, ಶಾಲೆಯ ಸ್ಯಾಟ್ಸ್ (ಮಕ್ಕಳ ವಿವರ ಇಡುವ ಆನ್‌ಲೈನ್) ದಾಖಲೆಯಲ್ಲಿ ಇನ್ನೊಂದು ಥರ, ಬ್ಯಾಂಕಿನಲ್ಲಿ ಮತ್ತೊಂದು ಥರ. ನಮ್ಮ ಕಡೆ ಇನಿಷಿಯಲ್ ಹಿಂದೆ ಮುಂದೆ ಆಗುವುದು ತುಂಬಾ ಸಾಮಾನ್ಯ. ಜನ್ಮ ದಿನಾಂಕವೂ ಹಾಗೇ. ಪರೀಕ್ಷೆ ಬರೆಯುವಾಗ ಇದು ಅಡ್ಡ ಬರುವುದಿಲ್ಲ, ದುಡ್ಡು ಬರುವಾಗ ಅಡ್ಡ ಬರುತ್ತದೆ. ಮೂರು ಕಾಗದವನ್ನೂ ಒಂದರ ಪಕ್ಕ ಒಂದು ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸ ಇದ್ದರೆ ಯಾವುದನ್ನು ತಿದ್ದಿಸಬೇಕು ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಬ್ಯಾಂಕ್ ಖಾತೆ ಮಗುವಿನ ಹೆಸರಲ್ಲೇ ಇರಲಿ, ಆಧಾರ್ ಜೋಡಣೆ ಆಗಿರಲಿ.

ಪರೀಕ್ಷೆಯ ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ದಿನಾಂಕ ವರ್ಷ ವರ್ಷ ಬದಲಾಗುತ್ತದೆ. ಆದ್ದರಿಂದ ದಸರಾ ರಜೆಗೆ ಮುಂಚೆ ಒಂದು ಸಲ, ರಜೆ ಮುಗಿದ ಮೇಲೆ ಒಂದು ಸಲ ಶಾಲೆಯಲ್ಲಿ ಕೇಳಿ. ಕೇಳಲು ಸಂಕೋಚ ಬೇಡ. "ಮಿಸ್, ನಮ್ಮ ಹುಡುಗಿ ಅರ್ಜಿ ಹಾಕಿದೀರಾ?" ಎಂದು ಗೇಟಿನ ಹತ್ತಿರ ನಿಂತು ಕೇಳುವ ಅಮ್ಮಂದಿರನ್ನು ಕಂಡರೆ ನನಗೆ ಸಂತೋಷವೇ ಆಗುತ್ತದೆ.

ಪರೀಕ್ಷೆ ಹೇಗಿರುತ್ತದೆ ಎಂದು ಮಗುವಿಗೆ ತೋರಿಸಿ

ಎರಡು ಪತ್ರಿಕೆ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಮಕ್ಕಳು ಅದನ್ನು ಮ್ಯಾಟ್ ಅನ್ನುತ್ತಾರೆ. ಇನ್ನೊಂದು ಪಾಠದ್ದು, ಸ್ಯಾಟ್. ಎರಡರಲ್ಲೂ 90 ಪ್ರಶ್ನೆ, 90 ನಿಮಿಷ, 90 ಅಂಕ. ಸ್ಯಾಟ್‌ನಲ್ಲಿ ವಿಜ್ಞಾನ 35, ಸಮಾಜ 35, ಗಣಿತ 20. ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಎರಡೂ ಸೇರಿ ಶೇ. 40 ಬಂದರೆ ಪಾಸು, ಅಂದರೆ 180ಕ್ಕೆ 72. ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ. 32. ಆದರೆ ಪಾಸಾದವರಿಗೆಲ್ಲ ಸಿಗುವುದಿಲ್ಲ. ದೇಶಕ್ಕೆಲ್ಲ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿವೇತನ, ಅದರಲ್ಲಿ ಕರ್ನಾಟಕದ ಪಾಲು 5,534. ಹಾಗಾಗಿ 72 ಅಲ್ಲ, 110, 120 ಅಂತ ಗುರಿ ಇಟ್ಟುಕೊಳ್ಳಿ.

ಇಷ್ಟು ಹೇಳಿ ಬಿಡಬೇಡಿ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಶಾಲೆಯಿಂದ ತಂದು ಮಗುವಿನ ಕೈಗೆ ಕೊಡಿ. ಬರೆಯಲು ಅಲ್ಲ, ಸುಮ್ನೆ ನೋಡಲು. ಏಳನೇ ತರಗತಿವರೆಗೆ "ವಿವರಿಸಿ", "ಎರಡು ವಾಕ್ಯದಲ್ಲಿ ಉತ್ತರಿಸಿ" ಎಂದು ಬರೆದುಕೊಂಡು ಬಂದ ಮಗುವಿಗೆ ಚಿತ್ರಗಳು, ಅಕ್ಷರಗಳು, ಬಾಣಗಳು ತುಂಬಿದ ಪತ್ರಿಕೆ ಕಂಡರೆ ಗಾಬರಿ ಆಗುತ್ತದೆ. ಆ ಗಾಬರಿ ಮನೆಯ ಜಗಲಿ ಮೇಲೆ ಆಗಿಹೋಗಲಿ.

ಪ್ರಶ್ನೆ ಓದುವುದೇ ಅರ್ಧ ಕೆಲಸ

ಮುಳಬಾಗಿಲು, ಶ್ರೀನಿವಾಸಪುರ, ಆ ಕಡೆ ಚಿಂತಾಮಣಿ, ಬಾಗೇಪಲ್ಲಿ, ಇನ್ನೂ ಆಚೆ ಪಾವಗಡ. ಇಲ್ಲೆಲ್ಲ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕೆಲವು ಮನೆಗಳಲ್ಲಿ ಉರ್ದು. ಶಾಲೆಯಲ್ಲಿ ಕನ್ನಡ. ಮಗು ಕನ್ನಡ ಚೆನ್ನಾಗೇ ಮಾತಾಡುತ್ತದೆ, ಆದರೆ ಪ್ರಶ್ನೆಪತ್ರಿಕೆಯ ಕನ್ನಡ ಬೇರೆ. ನನ್ನ ಅನುಭವದಲ್ಲಿ ಗಣಿತ ಬರದೆ ಕಳೆದುಕೊಂಡ ಅಂಕಕ್ಕಿಂತ ಪದ ತಿಳಿಯದೆ ಕಳೆದುಕೊಂಡ ಅಂಕವೇ ಜಾಸ್ತಿ.

ಒಂದು ಉದಾಹರಣೆ ನೋಡಿ. ಲ.ಸಾ.ಅ. ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ. ಮ.ಸಾ.ಅ. ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ. ಕೊನೆಯ ಅಕ್ಷರ ಎರಡಕ್ಕೂ 'ಅ'. ಆದರೆ ಒಂದು ಅಪವರ್ತ್ಯ, ಇನ್ನೊಂದು ಅಪವರ್ತನ. 12ರ ಅಪವರ್ತನಗಳು 1, 2, 3, 4, 6, 12. 12ರ ಅಪವರ್ತ್ಯಗಳು 12, 24, 36 ಹೀಗೆ ಮುಗಿಯದೆ ಹೋಗುತ್ತವೆ. ಇದನ್ನು ಅದಲು ಬದಲು ಮಾಡಿಕೊಂಡರೆ ಲೆಕ್ಕ ಎಷ್ಟು ಸರಿ ಮಾಡಿದರೂ ಉತ್ತರ ತಪ್ಪು.

ಅದಕ್ಕೆ ಒಂದು ಚಿಕ್ಕ ನೋಟ್ ಪುಸ್ತಕ ಇಡಿಸಿ. ಅಭ್ಯಾಸ ಮಾಡುವಾಗ ತಿಳಿಯದ ಪದ ಬಂದರೆ ಅದರಲ್ಲಿ ಬರೆಯಬೇಕು. ಪಕ್ಕದಲ್ಲಿ ಮನೆಮಾತಿನಲ್ಲಿ ಅರ್ಥ. ತೆಲುಗಿನಲ್ಲಿ ಬರೆದುಕೊಂಡರೂ ತಪ್ಪಿಲ್ಲ, ಅರ್ಥ ಆಗುವುದು ಮುಖ್ಯ. ದಿನಕ್ಕೆ ಮೂರು ಪದ ಸಾಕು.

ಎರಡನೆಯದು 'ಅಲ್ಲ'. "ಇವುಗಳಲ್ಲಿ ಲೋಹವಲ್ಲದ್ದು ಯಾವುದು?", "ಗುಂಪಿಗೆ ಸೇರದ ಪದ ಆರಿಸಿ", "ತಪ್ಪಾದ ಹೇಳಿಕೆ ಗುರುತಿಸಿ". ಮಗು ಅವಸರದಲ್ಲಿ ಓದಿ, ಮೊದಲು ಕಂಡ ಸರಿ ಹೇಳಿಕೆಗೆ ಗುರುತು ಹಾಕಿ ಮುಂದೆ ಹೋಗಿಬಿಡುತ್ತದೆ. ಪ್ರಶ್ನೆಯಲ್ಲಿ ಅಲ್ಲ, ಸೇರದ, ತಪ್ಪಾದ, ಹೊರತುಪಡಿಸಿ ಎಂದು ಕಂಡ ತಕ್ಷಣ ಅದರ ಸುತ್ತ ಪೆನ್ನಿನಿಂದ ಸುತ್ತು ಹಾಕುವ ಅಭ್ಯಾಸ ಮಾಡಿಸಿ. ಇಷ್ಟು ಚಿಕ್ಕ ಕೆಲಸದಿಂದ ಒಂದು ಪತ್ರಿಕೆಯಲ್ಲಿ ನಾಲ್ಕೈದು ಅಂಕ ಉಳಿಸಿಕೊಂಡ ಮಕ್ಕಳನ್ನು ನೋಡಿದ್ದೇನೆ.

ಜುಲೈಯಿಂದ ಸೆಪ್ಟೆಂಬರ್: ದಿನಕ್ಕೆ 40 ನಿಮಿಷ ಮ್ಯಾಟ್

ಮ್ಯಾಟ್‌ಗೆ ಪಠ್ಯಪುಸ್ತಕ ಇಲ್ಲ. ಪ್ರಶ್ನೆಯ ಬಗೆಗಳು ಮಾತ್ರ ಇವೆ. ವಾರಕ್ಕೆ ಒಂದು ಬಗೆ ಹಿಡಿದರೆ ಮೂರು ತಿಂಗಳಲ್ಲಿ ಮುಗಿಯುತ್ತದೆ.

ಸಂಖ್ಯಾ ಶ್ರೇಣಿಯಿಂದ ಶುರುಮಾಡಿ. 3, 7, 15, 31, ಮುಂದೇನು? ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸವನ್ನು ಕೆಳಗೆ ಬರೆಯಲು ಹೇಳಿ: 4, 8, 16. ಮುಂದಿನದು 32, ಉತ್ತರ 63. ವ್ಯತ್ಯಾಸದಲ್ಲಿ ಏನೂ ಕಾಣದಿದ್ದರೆ ಗುಣಾಕಾರ ನೋಡಬೇಕು, ಅದೂ ಇಲ್ಲದಿದ್ದರೆ ವರ್ಗ, ಘನ. ಇದೇ ಕ್ರಮ. ಅದಕ್ಕೆ 1ರಿಂದ 25ರವರೆಗೆ ವರ್ಗ, 1ರಿಂದ 12ರವರೆಗೆ ಘನ ಬಾಯಿಗೆ ಬರಬೇಕು. ಹಾಲು ಹಾಕಲು ಡೇರಿಗೆ ಹೋಗುವ ದಾರಿಯಲ್ಲಿ ಬಾಯಿಪಾಠ ಮಾಡಬಹುದು.

ಸಂಕೇತ ಭಾಷೆಯ ಪ್ರಶ್ನೆಗಳು ಇಂಗ್ಲಿಷ್ ಅಕ್ಷರದ ಮೇಲೆ ಜಾಸ್ತಿ ಬರುತ್ತವೆ. ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಬೆರಳು ಎಣಿಸುತ್ತಾ ಕೂರುತ್ತಾರೆ. ಐದು ಅಕ್ಷರ ನೆನಪಿಟ್ಟರೆ ಸಾಕು: ಇ 5, ಜೆ 10, ಒ 15, ಟಿ 20, ವೈ 25. ಬೇರೆ ಅಕ್ಷರಗಳನ್ನು ಇವುಗಳ ಹಿಂದೆ ಮುಂದೆ ಎಣಿಸಿಕೊಳ್ಳಬಹುದು. ಕೊನೆಯಿಂದ ಎಷ್ಟನೆಯದು ಎಂದು ಕೇಳಿದರೆ 27ರಿಂದ ಕಳೆಯಬೇಕು. ಜೆ ಕೊನೆಯಿಂದ 17ನೆಯದು.

ದಿಕ್ಕಿನ ಪ್ರಶ್ನೆಗೆ ಮಗುವನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ. ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ಮೂರು ಹೆಜ್ಜೆ ನಡೆಸಿ, ಎಡಕ್ಕೆ ತಿರುಗಿಸಿ ನಾಲ್ಕು ಹೆಜ್ಜೆ ನಡೆಸಿ. ಹೊರಟ ಜಾಗದಿಂದ ನೇರ ಎಷ್ಟು ದೂರ? ಐದು ಹೆಜ್ಜೆ. ಯಾವ ದಿಕ್ಕು? ಈಶಾನ್ಯ, ಅಜ್ಜಿಯರು ದೇವಮೂಲೆ ಅನ್ನುವ ದಿಕ್ಕು. ಆಗ್ನೇಯ, ನೈರುತ್ಯ, ವಾಯವ್ಯವನ್ನೂ ಮನೆಯ ಮೂಲೆಗಳನ್ನು ತೋರಿಸಿಯೇ ಕಲಿಸಿ. ಕಾಲಿನಿಂದ ನಡೆದು ಕಲಿತದ್ದು ಮರೆಯುವುದಿಲ್ಲ.

ರಕ್ತಸಂಬಂಧದ ಪ್ರಶ್ನೆಯಲ್ಲಿ ನಮ್ಮ ಮಕ್ಕಳಿಗೆ ಒಂದು ತೊಡಕಿದೆ. ನಮ್ಮಲ್ಲಿ ಸಂಬಂಧದೊಳಗೆ ಮದುವೆ ಇದ್ದದ್ದರಿಂದ ಅಮ್ಮನ ತಮ್ಮನೂ ಮಾವ, ಗಂಡನ ತಂದೆಯೂ ಮಾವ. ಪ್ರಶ್ನೆಯಲ್ಲಿ ಈ ಎರಡು ಬೇರೆ ಬೇರೆ. ಅದಕ್ಕೆ ಮಾತಿನಲ್ಲಿ ಯೋಚಿಸದೆ ಚಿತ್ರ ಬರೆಯಲು ಹೇಳಿ. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಗಂಡ ಹೆಂಡತಿಗೆ ಅಡ್ಡಗೆರೆ, ಮಕ್ಕಳಿಗೆ ಕೆಳಗೆರೆ. "ಒಬ್ಬ ಮಹಿಳೆ ಹುಡುಗನನ್ನು ತೋರಿಸಿ, ಇವನ ತಾಯಿ ನನ್ನ ತಂದೆಯ ಒಬ್ಬಳೇ ಮಗಳು ಎಂದಳು. ಹುಡುಗ ಅವಳಿಗೆ ಏನಾಗಬೇಕು?" ಚಿತ್ರ ಬರೆದರೆ ಕ್ಷಣದಲ್ಲಿ ಗೊತ್ತಾಗುತ್ತದೆ, ಮಗ.

ಕನ್ನಡಿ ಬಿಂಬಕ್ಕೆ ಮನೆಯ ಕನ್ನಡಿ, ನೀರಿನ ಬಿಂಬಕ್ಕೆ ತಟ್ಟೆಯಲ್ಲಿ ನೀರು. ಕನ್ನಡಿಯಲ್ಲಿ ಗಡಿಯಾರ 3:20 ತೋರಿಸಿದರೆ ನಿಜವಾದ ಸಮಯ ಏನು ಎಂದು ಕೇಳಿದರೆ 11:60ರಿಂದ, ಅಂದರೆ 12 ಗಂಟೆಯಿಂದ, ಕಳೆಯಬೇಕು, 8:40. ಕ್ಯಾಲೆಂಡರ್ ಪ್ರಶ್ನೆಗೆ ಗೋಡೆಯ ಮೇಲಿನ ಕ್ಯಾಲೆಂಡರೇ ಗುರು. 2025ರ ಆಗಸ್ಟ್ 15 ಶುಕ್ರವಾರ. 2026ರ ಜನವರಿ 26 ಯಾವ ವಾರ? ನಡುವಿನ ದಿನ 16, 30, 31, 30, 31, 26. ಒಟ್ಟು 164. ಏಳರಿಂದ ಭಾಗಿಸಿದರೆ ಶೇಷ 3. ಶುಕ್ರವಾರದಿಂದ ಮೂರು ದಿನ ಮುಂದೆ, ಸೋಮವಾರ. ಮೊದಲು ಲೆಕ್ಕ ಮಾಡಿಸಿ, ಆಮೇಲೆ ಕ್ಯಾಲೆಂಡರ್ ತಿರುಗಿಸಿ ನೋಡಿಸಿ. ಸರಿಯಾಗಿ ಬಂದಾಗ ಮಗುವಿನ ಮುಖ ನೋಡಬೇಕು.

ಗಣಿತಕ್ಕೆ ಮನೆಯ ಲೆಕ್ಕ

ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ಹಾಕುವ ಮನೆಯ ಮಗುವಿಗೆ ಲಾಭ ನಷ್ಟ ಹೊಸದೇನಲ್ಲ. 40 ಬಾಕ್ಸ್, ಬಾಕ್ಸಿಗೆ 480 ರೂಪಾಯಿ, ಕೈಗೆ ಬಂದದ್ದು 19,200. ಖರ್ಚು 16,000. ಲಾಭ ಶೇಕಡ ಎಷ್ಟು? ಲಾಭ 3,200. ಇದನ್ನು ಯಾವುದರಿಂದ ಭಾಗಿಸಬೇಕು? ಅನೇಕ ಮಕ್ಕಳು ಮಾರಿದ ಬೆಲೆಯಿಂದ, ಅಂದರೆ 19,200ರಿಂದ ಭಾಗಿಸುತ್ತಾರೆ. ಸರಿಯಾದದ್ದು ಹಾಕಿದ ದುಡ್ಡು, 16,000. ಉತ್ತರ ಶೇ. 20. ಪ್ರಶ್ನೆ ತೆಗೆಯುವವರಿಗೆ ಈ ತಪ್ಪು ಗೊತ್ತು. ತಪ್ಪು ದಾರಿಯಲ್ಲಿ ಬರುವ ಉತ್ತರವನ್ನೂ ನಾಲ್ಕು ಆಯ್ಕೆಯಲ್ಲಿ ಒಂದಾಗಿ ಇಟ್ಟಿರುತ್ತಾರೆ. ನನ್ನ ಉತ್ತರ ಆಯ್ಕೆಗಳಲ್ಲಿದೆ, ಹಾಗಾಗಿ ಅದು ಸರಿ ಎಂದು ಮಗು ನಂಬಬಾರದು. ಇದನ್ನು ಮತ್ತೆ ಮತ್ತೆ ಹೇಳಬೇಕು.

ರೇಷ್ಮೆ ಸಾಕುವ ಮನೆಯಲ್ಲಿ, ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ಇಲ್ಲಿ ಒಂದು ಮೊಟ್ಟೆ ಅನ್ನುತ್ತಾರೆ) 70 ಕಿಲೋ ಗೂಡು ಬಂದರೆ ನೂರೈವತ್ತಕ್ಕೆ ಎಷ್ಟು ಎಂದು ಕೇಳಿ. 105. ಇದು ನೇರ ಅನುಪಾತ. ಆರು ಜನ ನಾಲ್ಕು ದಿನದಲ್ಲಿ ಮುಗಿಸುವ ಕಳೆ ಕೆಲಸವನ್ನು ಎಂಟು ಜನ ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಮೂರು. ಇದು ವಿಲೋಮ. ಜನ ಜಾಸ್ತಿಯಾದರೆ ದಿನ ಕಡಿಮೆ ಅನ್ನುವುದು ಅಪ್ಪನಿಗೆ ಪುಸ್ತಕ ಓದದೆಯೂ ಗೊತ್ತು. ಅವರೇ ಕೇಳಲಿ.

ಉತ್ತರ ಬಾರದ ಲೆಕ್ಕದಲ್ಲಿ ಆಯ್ಕೆಗಳನ್ನೇ ಹಾಕಿ ನೋಡುವುದನ್ನೂ ಕಲಿಸಿ. ಒಂದು ಸಂಖ್ಯೆಯ ಮೂರರಷ್ಟಕ್ಕೆ 8 ಸೇರಿಸಿದರೆ 50. ಆಯ್ಕೆಗಳು 12, 14, 16, 18. ಹದಿನಾಲ್ಕು ಮೂರಲೆ ನಲವತ್ತೆರಡು, ಎಂಟು ಸೇರಿದರೆ ಐವತ್ತು. ಸಮೀಕರಣ ಬರೆಯುವ ಸಮಯ ಉಳಿಯಿತು.

ದಸರಾ ರಜೆ: ವಿಜ್ಞಾನ, ಸಮಾಜ

ಸ್ಯಾಟ್‌ನ ಪ್ರಶ್ನೆಗಳು ಏಳು ಮತ್ತು ಎಂಟನೇ ತರಗತಿಯ ಪಾಠಗಳಿಂದ ಬರುತ್ತವೆ. ಏಳನೇ ತರಗತಿಯ ಪುಸ್ತಕ ಯಾರಿಗಾದರೂ ಕೊಟ್ಟಿದ್ದರೆ ವಾಪಸ್ ತನ್ನಿ. ಪಾಠದ ಹಿಂದಿನ ಪ್ರಶ್ನೋತ್ತರ ಮಾತ್ರ ಓದಿದರೆ ಸಾಲದು. ಪ್ರಶ್ನೆ ಬರುವುದು ಪಾಠದ ಒಳಗಿನ ಸಾಲಿನಿಂದ, ಚಿತ್ರದ ಕೆಳಗಿನ ಮಾತಿನಿಂದ, ಕೋಷ್ಟಕದಿಂದ.

ನನಗೆ ತುಂಬಾ ಫಲ ಕೊಟ್ಟ ಒಂದು ವಿಧಾನ ಹೇಳುತ್ತೇನೆ. ಒಂದು ಪಾಠ ಓದಿದ ಮೇಲೆ ಮಗುವೇ ಅದರಿಂದ ಐದು ಪ್ರಶ್ನೆ ತಯಾರಿಸಬೇಕು. ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಮೂರು ತಪ್ಪು ಉತ್ತರಗಳು ಸರಿ ಅನ್ನಿಸುವ ಹಾಗಿರಬೇಕು. ಅಂಥ ತಪ್ಪು ಉತ್ತರ ಬರೆಯಬೇಕಾದರೆ ಪಾಠವನ್ನು ಎರಡು ಮೂರು ಸಲ ಓದಲೇಬೇಕು. ಪಕ್ಕದ ಮನೆಯ ಜೊತೆಗಾತಿಯೂ ಹೀಗೇ ಮಾಡಲಿ, ಸಂಜೆ ಅದಲು ಬದಲು ಮಾಡಿಕೊಂಡು ಉತ್ತರಿಸಲಿ. ಮನೆಯಲ್ಲಿ ಜಾಗ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಎಂದು ಬೋರ್ಡ್ ಇರುವುದು, ಅಲ್ಲಿ ಕೂರಲಿ.

ಇತಿಹಾಸದ ಇಸವಿ ನೆನಪಿಡಲು ಮಕ್ಕಳು ಒದ್ದಾಡುತ್ತಾರೆ. ಗೊತ್ತಿರುವ ಊರಿನ ಮೂಲಕ ಹೋಗಿ. ಗಂಗರ ಮೊದಲ ರಾಜಧಾನಿ ಕುವಲಾಲ, ಅದೇ ನಮ್ಮ ಕೋಲಾರ. ತಲಕಾಡು ಆಮೇಲೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಬಂದದ್ದು ಕೆಜಿಎಫ್‌ನ ಗಣಿಗಳಿಗೆ. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಹೋರಾಟಕ್ಕೆ ಸೇರಿದ ಜನರ ಮೇಲೆ ಪೊಲೀಸರ ಗುಂಡು ಹಾರಿದ್ದು 1938ರಲ್ಲಿ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಲೆಯಾಗುವುದು ನಮ್ಮ ಮಕ್ಕಳು ದಿನಾ ನೋಡುವ ವಿಜ್ಞಾನ. ಒಂದು ಇಸವಿ ಗಟ್ಟಿಯಾಗಿ ನಿಂತರೆ ಅದಕ್ಕಿಂತ ಮುಂಚೆ, ಆಮೇಲೆ ಎಂದು ಬೇರೆಯವನ್ನು ಜೋಡಿಸಬಹುದು.

ಕೊನೆಯ ಆರು ವಾರ: ಗಡಿಯಾರ ಮತ್ತು ಗುಂಡು

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗಿ 23ನೇ ಪ್ರಶ್ನೆ ಬಿಟ್ಟು ಮುಂದೆ ಹೋದಳು. 24ರ ಉತ್ತರವನ್ನು 23ರ ಗುಂಡಿನಲ್ಲಿ ತುಂಬಿದಳು. ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಮೇಲೆ ಸರಿದವು. ಗೊತ್ತಾದದ್ದು ಕೊನೆಯ ಗುಂಡು ಖಾಲಿ ಉಳಿದಾಗ. ಪೆನ್ನಿನಲ್ಲಿ ತುಂಬಿದ್ದು ಅಳಿಸಲು ಆಗುವುದಿಲ್ಲ. ಅವಳು ತರಗತಿಗೆಲ್ಲ ಮುಂದಿದ್ದ ಹುಡುಗಿ. ಹೊರಗೆ ಬಂದು ಅವಳು ಅತ್ತದ್ದು ನನಗೆ ಇವತ್ತಿಗೂ ನೋವು. ತಪ್ಪು ಅವಳದ್ದಲ್ಲ, ನಾನು ಅವಳಿಗೆ ಒಎಂಆರ್ ಹಾಳೆಯಲ್ಲಿ, ಅಂದರೆ ಗುಂಡು ತುಂಬುವ ಉತ್ತರದ ಹಾಳೆಯಲ್ಲಿ, ಅಭ್ಯಾಸ ಮಾಡಿಸಿರಲಿಲ್ಲ.

ಆದ್ದರಿಂದ ವಾರಕ್ಕೆ ಒಂದು ಹಳೆಯ ವರ್ಷದ ಎರಡೂ ಪತ್ರಿಕೆಯನ್ನು ಪೂರ್ತಿ, ಒಎಂಆರ್ ಹಾಳೆಯ ಜೆರಾಕ್ಸ್ ಮೇಲೆ, ಗಡಿಯಾರ ಮುಂದಿಟ್ಟುಕೊಂಡು ಬರೆಸಿ. ಭಾನುವಾರ ಬೆಳಗ್ಗೆ ಒಂದು, ಬಿಡುವು ಕೊಟ್ಟು ಇನ್ನೊಂದು. ಪ್ರತಿ ಉತ್ತರದ ನಂತರ ತಕ್ಷಣ ಗುಂಡು ತುಂಬಬೇಕು, ಕೊನೆಗೆ ಎಂದು ಉಳಿಸಬಾರದು. ತುಂಬುವ ಮುಂಚೆ ಪ್ರಶ್ನೆಯ ಸಂಖ್ಯೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಬಿಟ್ಟ ಪ್ರಶ್ನೆಗೆ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಗುರುತು, ಉತ್ತರದ ಹಾಳೆಯಲ್ಲಿ ಬೇಡ.

90 ನಿಮಿಷವನ್ನು ಮೂರು ಸುತ್ತು ಮಾಡಿ. ಮೊದಲ 55 ನಿಮಿಷ ನೋಡಿದ ತಕ್ಷಣ ಬರುವ ಪ್ರಶ್ನೆಗಳು. ಆಮೇಲೆ 25 ನಿಮಿಷ, ಬಿಟ್ಟುಬಂದವುಗಳಲ್ಲಿ ಸ್ವಲ್ಪ ಗೊತ್ತಿರುವುವು. ಕೊನೆಯ ಹತ್ತು ನಿಮಿಷದಲ್ಲಿ ಒಂದು ಗುಂಡೂ ಖಾಲಿ ಇರಬಾರದು. ಖಂಡಿತ ತಪ್ಪು ಅನ್ನಿಸುವ ಆಯ್ಕೆಗಳನ್ನು ಹೊಡೆದು, ಉಳಿದದ್ದರಲ್ಲಿ ಒಂದನ್ನು ತುಂಬಲಿ. ಅಂಕ ಕಳೆಯುವುದಿಲ್ಲ ಅಂದಮೇಲೆ ಖಾಲಿ ಬಿಡುವುದೇ ನಷ್ಟ, ಅಲ್ವಾ?

ಬರೆದಾದ ಮೇಲೆ ಅಂಕ ಎಷ್ಟು ಎಂದು ಕೇಳುವ ಮುಂಚೆ ತಪ್ಪುಗಳನ್ನು ವಿಂಗಡಿಸಿ. ಗೊತ್ತಿಲ್ಲದೆ ತಪ್ಪಿದ್ದು, ಓದದೆ ತಪ್ಪಿದ್ದು, ಸಮಯ ಸಾಲದೆ ಬಿಟ್ಟದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ಬೇರೆ ಮಗುವಿನ ಅಂಕದ ಮಾತು ಎತ್ತಬೇಡಿ. ಹೋದ ವಾರದ ತನ್ನದೇ ಅಂಕದ ಜೊತೆ ಹೋಲಿಸಿಕೊಳ್ಳಲಿ.

ರೇಷ್ಮೆ ಹುಳು ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡುವ ದಿನಗಳಲ್ಲಿ, ಕೊಯ್ಲಿನ ದಿನಗಳಲ್ಲಿ ಮನೆಗೆ ಎಲ್ಲರ ಕೈಯೂ ಬೇಕು ಎಂದು ನನಗೆ ಗೊತ್ತು. ಆಗಲೂ ಆ 40 ನಿಮಿಷ ಮಾತ್ರ ಮಗುವಿಗೆ ಬಿಟ್ಟುಕೊಡಿ. ಟಿವಿ ಆರಿಸಿ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರೂ ಸಾಕು. ನೀವು ಅಲ್ಲಿದ್ದೀರಿ ಎಂಬುದು ಮಗುವಿಗೆ ಧೈರ್ಯ.

ಪರೀಕ್ಷೆಯ ದಿನ

ಕೇಂದ್ರ ಬೇರೆ ಊರಿನಲ್ಲಿದ್ದರೆ ಎಷ್ಟು ಗಂಟೆಯ ಬಸ್ಸು ಎಂದು ಹಿಂದಿನ ದಿನವೇ ಗೊತ್ತಿರಲಿ. ಅದು ತಪ್ಪಿದರೆ ಮುಂದಿನದು ಯಾವುದು ಎಂಬುದೂ ಗೊತ್ತಿರಲಿ. ಪ್ರವೇಶಪತ್ರ, ಎರಡು ಬಾಲ್ ಪೆನ್ನು, ನೀರಿನ ಬಾಟಲಿ, ಡಬ್ಬಿಯಲ್ಲಿ ಮನೆಯ ಊಟ. ರಾತ್ರಿ ಹತ್ತಕ್ಕೆ ಮಲಗಿಸಿ. ಮೊದಲ ಪತ್ರಿಕೆ ಮುಗಿದ ಮೇಲೆ "ಅದಕ್ಕೆ ಏನು ಬರೆದೆ?" ಎಂಬ ಚರ್ಚೆ ಬೇಡ. ಊಟ ಮಾಡಿ, ನೆರಳಲ್ಲಿ ಕೂತು, ಎರಡನೆಯದಕ್ಕೆ ಹೋಗಲಿ.

ಆಯ್ಕೆಯಾದ ಮೇಲೆ

ಕೆಲಸ ಮುಗಿಯಲಿಲ್ಲ. ಎಂಟನೇ ತರಗತಿಯಲ್ಲೂ ಶೇ. 55 ಬರಬೇಕು, ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ. 50. ಒಂಬತ್ತನೇ ತರಗತಿಗೆ ಬಂದಾಗ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹೊಸ ಅರ್ಜಿ ಹಾಕಬೇಕು. ಆಮೇಲೆ ಪ್ರತಿ ವರ್ಷ ನವೀಕರಣ. ಒಂಬತ್ತನೇ ತರಗತಿಯಿಂದಲೂ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲೇ ಇರಬೇಕು. ಖಾಸಗಿ ಶಾಲೆಗೆ ಬದಲಾಯಿಸಿದರೆ ದುಡ್ಡು ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಶೇ. 60 ಬೇಕು, ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ. 55.

ಶಾಲೆ ಬಿಟ್ಟು ಕಾಲೇಜು ಸೇರುವ ಆ ವರ್ಷವೇ ಹೆಚ್ಚು ಮಕ್ಕಳ ನವೀಕರಣ ತಪ್ಪುವುದು. ಹೈಸ್ಕೂಲಿನಲ್ಲಿ ನೆನಪಿಸಲು ನಾವಿದ್ದೆವು, ಕಾಲೇಜಿನಲ್ಲಿ ಈ ಮಗು ಎನ್‌ಎಂಎಂಎಸ್‌ನದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಪೋರ್ಟಲ್‌ನ ಅರ್ಜಿ ಸಂಖ್ಯೆ, ಪಾಸ್‌ವರ್ಡ್, ನೋಂದಾಯಿಸಿದ ಮೊಬೈಲ್ ನಂಬರ್ ಒಂದು ಹಾಳೆಯಲ್ಲಿ ಬರೆದು ಅಂಕಪಟ್ಟಿಯ ಜೊತೆ ಇಡಿ. ಆ ಸಿಮ್ ಬದಲಾಯಿಸಬೇಡಿ. ಪಿಯುಸಿ ಸೇರಿದ ವಾರದಲ್ಲೇ, ವಿದ್ಯಾರ್ಥಿವೇತನ ನೋಡಿಕೊಳ್ಳುವವರು ಯಾರು ಎಂದು ಕಾಲೇಜಿನ ಕಚೇರಿಯಲ್ಲಿ ಕೇಳಿ, ಆ ಹಾಳೆಯ ಒಂದು ಜೆರಾಕ್ಸ್ ಅವರ ಕೈಗೆ ಕೊಟ್ಟು ಬನ್ನಿ. ಪಾಸ್‌ವರ್ಡ್ ಇರುವ ಸಾಲು ಮಾತ್ರ ಮಡಚಿ ಜೆರಾಕ್ಸ್ ಮಾಡಿಸಿ.